ಕೊಸರು

ಗುತ್ತಲು ರಸ್ತೆಯ ಅಕ್ಕತಂಗಿಯರ ಅಂಗಡಿಗೆ
ಬೋರ್ಡು ಬರೆಯುವಾಗ ನಾನು ಏಣಿಯ ಮೇಲಿದ್ದೆ.
ಕೆಳಗೆ ಖಲೀಲ್ ಮೇಷ್ಟ್ರು,
ಹೆಂಡತಿಯ ರವಿಕೆ ಇಸಕೊಳ್ಳಲು ಬಂದವರು.
‘ಸಿಸ್ಟರ್ಸ್ ಟೈಲರಿಂಗ್. ಸರಿ.
ಒಂದು ಅಪಾಸ್ಟ್ರಫಿ ಬೇಕಲ್ಲಯ್ಯ, ಕೊನೆಯ ಎಸ್ ಆದ ಮೇಲೆ.
ಅವರು ಇಬ್ಬರು.’

ನನ್ನದು ಅಕ್ಷರಕ್ಕೆ ಹನ್ನೆರಡು ರೂಪಾಯಿ.
‘ಅದು ಅಕ್ಷರವಾ ಸಾರ್?’
ಮೇಷ್ಟ್ರು ಕನ್ನಡಕ ಒರೆಸಿದರು.
ಅಕ್ಷರವಲ್ಲ. ಚುಕ್ಕಿಯೂ ಅಲ್ಲ.
ಅದು, ಅದು ಒಡೆತನ ಕಣಯ್ಯ.
ದೇವೀರಮ್ಮ ಒಳಗಿಂದಲೇ ಕೂಗಿದಳು, ಹಲ್ಲಲ್ಲಿ ದಾರ ಕಚ್ಚಿಕೊಂಡು:
‘ಅದ್ಕೆಲ್ಲ ಕಾಸು ಕೊಡಕ್ಕಾಯ್ತದಾ?
ಕೊಸರು ಅಂತ ಮಡಗು.’

ಮಡಗಿದೆ.
ಸೊಪ್ಪಿನವಳು ಕಟ್ಟಿನ ಮೇಲೆ ಒಗೆಯುವ
ಎರಡೆಳೆ ಕೊತ್ತಂಬರಿಯ ಹಾಗೆ,
ಎಸ್ಸಿನ ಹೆಗಲ ಹಿಂದೆ, ಕೆಂಪಿನಲ್ಲಿ,
ಬೀಳಲು ಮರೆತ ಒಂದು ಹನಿ.
ಕಬ್ಬಿನ ಟ್ರ್ಯಾಕ್ಟರು ಹಾದು ಧೂಳೆಬ್ಬಿಸಿತು;
ಇವತ್ತಿಗೂ ಹತ್ತಿರ ಹೋದರೆ ಅದರಲ್ಲಿ ಮಣ್ಣಿನ ಕಣ ಕಾಣುತ್ತದೆ.

ನಮ್ಮಲ್ಲಿ ಹೀಗಿಲ್ಲ.
ಷಷ್ಠಿಗೆ ಒಂದು ‘ಅ’ ಸಾಕು,
ಮಕ್ಕಳು ಮರಳಲ್ಲಿ ಮೊದಲು ತಿದ್ದುವ ಅ.
ಅದೂ ಹೆಸರಿನೊಳಗೆ ಇಳಿದು ಕಾಣದಾಗುತ್ತದೆ
ಉಪ್ಸಾರಿನ ಉಪ್ಪಿನ ಹಾಗೆ.
ಅಕ್ಕನ ಕತ್ತರಿ. ತಂಗಿಯ ಟೇಪು.
ಅಕ್ಕ ಎಲ್ಲಿ ಮುಗಿದಳು, ಕತ್ತರಿ ಎಲ್ಲಿ ಶುರುವಾಯಿತು,
ಬೆರಳಿಟ್ಟು ತೋರಿಸಿ ನೋಡೋಣ.
ಇಂಗ್ಲಿಷಿನವರಿಗೆ ಮಾತ್ರ ನಡುವೆ ಬದುವಿನ ಕಲ್ಲು ಬೇಕು,
ಇಲ್ಲಿವರೆಗೆ ಆಳು, ಇಲ್ಲಿಂದಾಚೆ ಮಾಲು ಅಂತ.

ಆರು ವರ್ಷ.
ಯಾವುದೋ ಮದುವೆಯ ಹದಿನಾಲ್ಕು ರವಿಕೆ,
ಅಳತೆ ಬರೆದ ಚೀಟಿ ಕಳೆದದ್ದು ಯಾರು ಎಂಬ ಮಾತು,
ಮಾತಿನ ಹಿಂದೆ ಹಳೆಯದೆಲ್ಲ.
ಕೆಂಪಾಜಿ ಕೊಸರಿಕೊಂಡು ಹೊರಟೇಬಿಟ್ಟಳು
ನೂರಡಿ ರಸ್ತೆಯ ಒಂದು ಮಹಡಿಗೆ.
ಒಂದು ಮಿಷನ್ನು ಅವಳಿಗೆ, ಒಂದು ಇವಳಿಗೆ.
ಗುಂಡಿಗಳನ್ನೂ ಎಣಿಸಿ ಹಂಚಿಕೊಂಡರಂತೆ.
ಬೆಸ ಉಳಿದದ್ದನ್ನು ಯಾರೂ ಮುಟ್ಟಲಿಲ್ಲ,
ಕಿಟಕಿಯ ಕಟ್ಟೆ ಮೇಲಿದೆ, ನೀಲಿ, ನಾಲ್ಕು ತೂತಿನದು.

ಮತ್ತೆ ಏಣಿ.
ಈ ಸಲ ನಾನೇ ಮೇಷ್ಟ್ರ ಮನೆಗೆ ಹೋಗಿ ಕೇಳಿ ಬಂದಿದ್ದೆ.
‘ಒಬ್ಬಳೇ ಆದರೆ ಎಸ್ಸಿಗಿಂತ ಮುಂಚೆ’ ಅಂದರು,
ಚಹಾ ಕುಡಿದು ಹೋಗು ಅಂದರು.
ಅಷ್ಟೇ. ಒಂದು ಅಕ್ಷರ ಹೋಗುವುದಿಲ್ಲ, ಒಂದು ಬರುವುದಿಲ್ಲ,
ಹನಿ ಎಸ್ಸನ್ನು ದಾಟಿ ಆ ಕಡೆಯಿಂದ ಈ ಕಡೆಗೆ.
ಗಟ್ಟಿಯಾಗಿ ಓದಿದರೆ ಸದ್ದು ಅದೇ.
ಪಾಲಾದದ್ದು ಕಿವಿಗೆ ತಿಳಿಯುವುದೇ ಇಲ್ಲ.

ಎಷ್ಟಾಯ್ತು ಅಂದಳು.
ಕೊಸರಿಗೆ ಎಂಥಾ ದುಡ್ಡು ಅಂದೆ.
ಇಪ್ಪತ್ತನಾಲ್ಕು ಎಣಿಸಿ ಅಂಗೈಗೆ ಒತ್ತಿದಳು:
ಅಳಿಸಿದ್ದಕ್ಕೆ ಹನ್ನೆರಡು, ಬರೆದದ್ದಕ್ಕೆ ಹನ್ನೆರಡು.
ಹೊಸ ಗಿರಾಕಿಯೊಬ್ಬಳು ಕೇಳುತ್ತಿದ್ದಳು, ನಿಮಗೆ ಯಾರೂ ಇಲ್ವಾ?
‘ನಂಗೊಬ್ಳು ತಂಗಿ ಅವ್ಳೆ.’
ನನ್ನವಳು ಅನ್ನಲಿಲ್ಲ. ನನ್ನ ಹತ್ತಿರ ಅನ್ನಲಿಲ್ಲ.
ನಂಗೆ ಅಂದಳು, ತೋಳಿನ ಸುತ್ತಳತೆ ಹಿಡಿಯುತ್ತ.

ಬಿಳಿ ಬಣ್ಣ ಅಗ್ಗದ್ದು, ಒಪ್ಪಿಕೊಳ್ಳುತ್ತೇನೆ.
ಎರಡು ಬೇಸಿಗೆಗೆ ತೆಳುವಾಗಿ
ಹಳೆಯ ಕೆಂಪು ಮೇಲೆದ್ದಿದೆ.
ಈಗ ಎಸ್ಸಿನ ಎರಡೂ ಮಗ್ಗುಲಿಗೆ ಒಂದೊಂದು.
‘ಇದು ಯಾವ ವ್ಯಾಕರಣದಲ್ಲೂ ಇಲ್ಲ, ಒಂದನ್ನು ಅಳಿಸಯ್ಯ’
ಮೇಷ್ಟ್ರು ಸಂತೆಯಲ್ಲಿ ಸಿಕ್ಕಾಗಲೆಲ್ಲ.

ನಿನ್ನೆ ಹೋಗಿದ್ದೆ, ಡಬ್ಬಿ, ಕುಂಚ, ಏಣಿ ಸಮೇತ.
ಅಳಿಸಲಾ ಅಕ್ಕ, ಅಂದೆ.
ಅವಳು ತಲೆ ಎತ್ತಲಿಲ್ಲ, ಮಿಷನ್ನು ನಿಲ್ಲಿಸಲಿಲ್ಲ.
‘ಯಾವ್ದುನ್ನ?’ ಅಂದಳು.